ಹೊಸ ಅಳಿಯನ ಗಾಳ

ನಮ್ಮ ಓಣಿಯ ಹಲ್ಲಿನ ಡಾಕ್ಟರರು ಈಚೆಗೆ ಒಂದು ದೋಣಿ ಕೊಂಡಿದ್ದಾರೆ. ಹಳದಿ ಪ್ಲಾಸ್ಟಿಕ್ಕಿನದು, ಬೆಂಡೆಕಾಯಿಯ ಹಾಗೆ ಉದ್ದ, ಎರಡೂ ಕಡೆ ಚೂಪು. ಅದರಲ್ಲಿ ಒಬ್ಬರೇ ಕಾಲು ಚಾಚಿ ಕೂರಬೇಕು. ಎರಡೂ ತುದಿಗೆ ಹಲಗೆಯಿರುವ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರು ತಳ್ಳಬೇಕು. ಅದಕ್ಕೆ ಕಯಾಕ್ ಎನ್ನುತ್ತಾರಂತೆ. ಅದನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಅವರು ಓಣಿಗೆ ಬಂದ ದಿನ ನಾಯಿಗಳು ಮನೆಯ ತನಕ ಬೊಗಳುತ್ತ ಬೆನ್ನು ಹತ್ತಿದವು. ಬೊಗಳಲಿಲ್ಲವೆನ್ನುವುದನ್ನು ಬಿಟ್ಟರೆ, ನಾನೂ ಅವುಗಳ ಜೊತೆಗೇ ಹೋದೆ.

ಡಾಕ್ಟರರು ಖುಷಿಯಿಂದ ಒಳಗೆ ಕರೆದು ಸಲಕರಣೆಗಳನ್ನೆಲ್ಲ ಸೋಫಾದ ಮೇಲೆ ಹರಡಿದರು. ಮಡಚುವ ಕೋಲು, ಮಡಚದ ಕೋಲು, ಗಡಿಯಾರದ ಒಳಗಿನಂತೆ ಹಲ್ಲುಚಕ್ರಗಳಿರುವ ರಾಟೆ, ಕಣ್ಣಿಗೆ ಕಾಣದ ದಾರ, ನಿಜವಾದ ಮೀನಿಗಿಂತ ಚೆಂದವಾಗಿರುವ ರಬ್ಬರಿನ ಮೀನು. ಇವೆಲ್ಲ ಪರದೇಶದ ಬಾಸ್ ಎಂಬ ಮೀನಿಗೆ ಹೇಳಿ ಮಾಡಿಸಿದ್ದಂತೆ. ಆ ಮೀನು ನಮ್ಮ ಕಡೆ ಇಲ್ಲವಲ್ಲ ಎಂದೆ. "ಇಲ್ಲದಿದ್ದರೇನಾತ್ರಿ, ಅದರಂಗ ಹೊಂಚ ಹಾಕಿ ಬ್ಯಾಟಿ ಹಿಡಿಯೋ ಮೀನು ನಮ್ಮಲ್ಲೂ ಅದಾವು. ಸಲಕರಣಿ ಬರೋಬರಿ ಇದ್ರ ಅರ್ಧ ಮೀನು ಹಿಡದಂಗ" ಎಂದರು ಡಾಕ್ಟರರು.

ನನಗೆ ನಗು ಬಂತು. ಅವರಿಗೆ ಬೇಸರವಾಯಿತೇನೋ. "ಯಾಕ್ರೀ ಸರ, ನೀವು ಹಿಡೀತಿದ್ರಂತಲ್ಲ, ನಿಮ್ಮ ಕಾಲದಾಗ ಏನ ಸಲಕರಣಿ ಇತ್ತು?" ಎಂದು ಕೇಳಿದರು.

ಅವರ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಕೂತಾಗ ಮಾತಾಡಲು ಆಗುವುದಿಲ್ಲ, ಮುಚ್ಚಿ ಕೂತಾಗ ಅವರಿಗೆ ಪುರುಸೊತ್ತಿರುವುದಿಲ್ಲ. ಆದ್ದರಿಂದ ಅವರಿಗೆ ಹೇಳಲಾರದ್ದನ್ನು ನಿಮಗೆ ಹೇಳುತ್ತೇನೆ.

ನಾನು ಹುಟ್ಟಿದ್ದು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ. ಮಗ್ಗಗಳ ಸದ್ದು ಕೇಳದಿದ್ದರೆ ನಿದ್ದೆ ಬಾರದಂಥ ಓಣಿ. ಚಿಕ್ಕಂದಿನಲ್ಲಿ ಮಳೆಗಾಲ ಬಂತೆಂದರೆ ಗೆಳೆಯರೊಡನೆ ಹಳ್ಳಕ್ಕೆ ಹೋಗಿ, ಯಾರದಾದರೂ ಅಪ್ಪನ ಧೋತರವನ್ನು ನೀರಿಗೆ ಅಡ್ಡ ಹಿಡಿದು, ಬೆರಳುದ್ದದ ಮೀನು ಸೋಸುತ್ತಿದ್ದೆವು. ಅದರಲ್ಲಿ ಅರ್ಧ ಮೀನಾಗಿರದೆ ಕಪ್ಪೆಮರಿಗಳಾಗಿರುತ್ತಿದ್ದವು. ಬಾಟಲಿಯಲ್ಲಿ ಹಾಕಿ ಕಿಟಕಿಯಲ್ಲಿಟ್ಟರೆ ನಾಲ್ಕಾರು ದಿನಕ್ಕೆ ಕಾಲು ಮೂಡಿ ನಮ್ಮ ಮಾನ ಕಳೆಯುತ್ತಿದ್ದವು. ಇಷ್ಟಾದರೂ ಮೀನು ಹಿಡಿಯುವ ವಿದ್ಯೆ ನನಗೆ ಗೊತ್ತಿದೆ ಎಂದೇ ದೊಡ್ಡವನಾಗುವವರೆಗೂ ನಂಬಿದ್ದೆ. ಆ ನಂಬಿಕೆಯಿಂದಲೇ, ಎಪ್ಪತ್ತರ ದಶಕದ ಕೊನೆಗೆ ನನ್ನ ಮದುವೆಯಾದಾಗ, ಬೀಗರ ಊಟದ ಪಂಕ್ತಿಯಲ್ಲಿ ಹೆಂಡತಿಯ ತಮ್ಮ ಬಸು ಬಗ್ಗಿ, "ಮಾಮಾರ, ನಮ್ಮ ಡಂಬಳದ ಕೆರಿ ನೋಡೀರೇನ್ರಿ? ಮೀನ ಹಿಡಿಯಾಕ ಬರತೈತಿ ನಿಮಗ?" ಎಂದು ಕೇಳಿದ್ದಕ್ಕೆ, ಹೋಳಿಗೆ ಬಾಯಲ್ಲಿರುವಾಗಲೇ, "ಬರದೇನಲೇ! ಸಣ್ಣಾಂವಿದ್ದಾಗಿಂದ ಅದ ಕೆಲಸ!" ಎಂದುಬಿಟ್ಟೆ. "ಹಂಗಾರ ದೀಪಾವಳಿಗೆ ಬಂದಾಗ ನೋಡೂಣ್ರಿ" ಎಂದ ಅವನು.

ಹೆಂಡತಿಯ ಹೆಸರು ಸರೋಜಾ. ಆಕೆಯ ವಿಷಯ ಹೇಳುವ ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ಮನೆ ಸಣ್ಣದು, ಮಂದಿ ಬಹಳ. ಅಪ್ಪ, ಅವ್ವ, ಇಬ್ಬರು ಅಣ್ಣಂದಿರು, ಅವರ ಹೆಂಡಿರು ಮಕ್ಕಳು, ಎಲ್ಲರಿಗೂ ಮೇಲೆ ನಮ್ಮ ಅಜ್ಜಿ. ಅಜ್ಜಿಗೆ ಕಣ್ಣು ಮಂದವಾಗಿತ್ತು, ಕಿವಿ ಮಾತ್ರ ಬೆಕ್ಕಿನದು. ನಮಗೆಂದು ಬಿಟ್ಟುಕೊಟ್ಟ ಕೋಣೆಗೂ ಅಜ್ಜಿಯ ಹಾಸಿಗೆಗೂ ನಡುವೆ ಇದ್ದದ್ದು ಒಂದು ಹಲಗೆಯ ತಡಿಕೆ. ನಾನು ಈ ಕಡೆ ಸಣ್ಣಗೆ ಕೆಮ್ಮಿದರೆ ಆಕೆ ಆ ಕಡೆಯಿಂದ, "ಜ್ವರ ಬಂದಾವೇನಲೇ?" ಎನ್ನುತ್ತಿದ್ದಳು. ಅಂಥ ಮನೆಯಲ್ಲಿ ಹೊಸ ಹೆಂಡತಿಯ ಜೊತೆ ಏನು ಮಾತಾಡುತ್ತೀರಿ? ಹಗಲು ಹೊತ್ತಿನಲ್ಲಿ ಗಂಡ ಹೆಂಡತಿ ಎದುರಾಬದುರಾ ನಿಂತು ಮಾತಾಡುವ ರೂಢಿ ಆಗ ನಮ್ಮಲ್ಲಿ ಇರಲೂ ಇಲ್ಲ. ಊಟಕ್ಕೆ ಬಾ ಎನ್ನುವುದನ್ನು ಕೂಡ ಅಣ್ಣನ ಮಗಳ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು. ನಾನು ಸ್ವಭಾವದಲ್ಲೂ ಮಾತಿಗೆ ಹಿಂದು. ಗದಗಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿ ಬರೆಯುವುದಿತ್ತೇ ಹೊರತು ಆಡುವುದಿರಲಿಲ್ಲ. ಹೀಗೆ ಮಳೆಗಾಲವೆಲ್ಲ ಕಳೆಯಿತು. ಆಕೆಗೆ ನನ್ನ ಮುಖ ರೂಢಿಯಾಗಿರಬೇಕು, ದನಿ ಆಗಿರಲಿಲ್ಲ.

ದೀಪಾವಳಿ ಹತ್ತಿರ ಬಂದಂತೆ ನನಗೆ ಬಸುವಿನ ಮಾತು ಪದೇ ಪದೇ ನೆನಪಾಗತೊಡಗಿತು. ಆ ವರ್ಷ ಮಳೆ ಧಾರಾಳವಾಗಿ ಡಂಬಳದ ಕೆರೆ ಕೋಡಿ ಬಿದ್ದಿದೆಯೆಂದು ಸುದ್ದಿ ಬಂದಿತ್ತು. ಹೊಸ ಅಳಿಯ ಬರಿಗೈಯಲ್ಲಿ ಹೋಗಬಾರದು. ಕಚೇರಿಯಲ್ಲಿ ಲಕ್ಷ್ಮೇಶ್ವರದ ಕಡೆಯ ಹೆಡ್ ಕ್ಲಾರ್ಕ್ ಪಾಟೀಲರಿದ್ದರು. ಜಗತ್ತಿನ ಯಾವ ವಿಷಯದ ಮೇಲೂ ಅವರಿಗೆ ತಿಳಿವಳಿಕೆಯಿತ್ತು. ಮೀನು ಹಿಡಿಯುವ ಸಲಕರಣೆ ಹೇಗಿರಬೇಕೆಂದು ಕೇಳಿದ್ದೇ ತಡ, ಫೈಲು ಮುಚ್ಚಿ ಕನ್ನಡಕ ಹಣೆಗೇರಿಸಿದರು.

"ಮೊದಲ ಕೋಲು. ಬಿದರಿಂದ ಆಗಬೇಕು. ತುದಿ ಬಾಗಬೇಕು, ಆದ್ರ ಮುರೀಬಾರ್ದು. ಸರ್ಕಾರಿ ನೌಕರನಂಗ."

"ಗಾಳ?"

"ಅಂಗಡ್ಯಾಗಿನ ಗಾಳ ತಗಡು. ನೆಟ್ಟಗಾಗಿ ಬಿಡತಾವು. ಶಿರಹಟ್ಟ್ಯಾಗ ಒಬ್ಬ ಕಮ್ಮಾರ ಅದಾನ, ಅಂವನ ಕಡೆ ಬಡಿಸು. ಮತ್ತ ಇಂಗು ಹಾಕಿ ಗೋದಿ ಹಿಟ್ಟು ನಾದಿ ಹಚ್ಚು. ಇಂಗಿನ ವಾಸನಿಗೆ ಮೀನು ಹುಬ್ಬಳ್ಳಿಯಿಂದ ಬರತಾವು."

ಅವರು ಜನ್ಮದಲ್ಲಿ ಮೀನು ಹಿಡಿದವರಲ್ಲ, ತಿಂದವರೂ ಅಲ್ಲ ಎಂದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ.

ನಾನು ಗದಗಿನ ಪೇಟೆಯಲ್ಲಿ ಬಿದಿರು ಹುಡುಕುತ್ತ ಹೊರಟೆ. ಏಣಿ, ಬುಟ್ಟಿ, ಹಂದರದ ಗಳ ಮಾರುವ ಮುದುಕನೊಬ್ಬನ ಬಳಿ ಹೋಗಿ, ಒಂದೊಂದೇ ಬಿದಿರನ್ನು ಎತ್ತಿ, ಕಣ್ಣು ಕಿರಿದು ಮಾಡಿ ನೇರ ನೋಡಿ, ತುದಿ ಬಾಗಿಸಿ, ಕೆಳಗಿಟ್ಟು ಇನ್ನೊಂದನ್ನು ಎತ್ತಿದೆ. ಮುದುಕ ಬೀಡಿ ಆರಿಸಿ ಎದ್ದು ನಿಂತು, ದನಿ ಇಳಿಸಿ, "ಯಾರ ಹೋದ್ರಿ ಮನ್ಯಾಗ? ಗಂಡಸರ ಹೆಣ್ಮಕ್ಕಳ?" ಎಂದು ಕೇಳಿದ. ಚಟ್ಟಕ್ಕೆ ಅಷ್ಟು ಪರೀಕ್ಷೆ ಮಾಡಿ ಬಿದಿರು ಆರಿಸುವವನನ್ನು ಆತ ಕಂಡಿರಲಿಲ್ಲವೆನಿಸುತ್ತದೆ. ಮೀನು ಹಿಡಿಯಲಿಕ್ಕೆ ಎಂದಾಗ ಆತ ಮತ್ತೆ ಬೀಡಿ ಹೊತ್ತಿಸಿದ. "ಹಂಗಾರ ಯಾವದಾದ್ರೂ ಒಯ್ಯಿ" ಎಂದ.

ಶಿರಹಟ್ಟಿಯ ಕಮ್ಮಾರನದೂ ಅದೇ ಕತೆ. ಗಾಳದ ಚಿತ್ರವನ್ನು ನೆಲದ ಮೇಲೆ ಬೂದಿಯಲ್ಲಿ ಬರೆದು ತೋರಿಸಿದೆ. ಚೆನ್ನಾಗಿ ಕಾಣಲೆಂದು ದೊಡ್ಡದಾಗಿ ಬರೆದದ್ದೇ ತಪ್ಪಾಯಿತು. ಬರೆದಷ್ಟೇ ದೊಡ್ಡದನ್ನು ಆತ ಬಡಿದುಕೊಟ್ಟ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯ ಕೊಂಡಿಯ ಹಾಗಿತ್ತು ಅದು. ನನ್ನ ಮುಖ ನೋಡಿ ಆತನೇ ನಕ್ಕು, ಇನ್ನೂ ಎರಡನ್ನು, ಒಂದು ಹೆಬ್ಬೆರಳಿನಷ್ಟು, ಒಂದು ಕಿರುಬೆರಳಿನಷ್ಟು, ಉಕ್ಕಿನ ತಂತಿಯಲ್ಲಿ ಬಾಗಿಸಿ, ಮುಳ್ಳು ತೆಗೆದು, ನೀರಿಗದ್ದಿ ಹದ ಕೊಟ್ಟ. ಚುಂಯ್ ಎಂದು ಹೊಗೆ ಎದ್ದಾಗ ನನಗೆ ಆಗಲೇ ಮೀನು ಬಿದ್ದಷ್ಟು ಸಂತೋಷ.

ದಾರ ನೈಲಾನಿನದು, ಗದಗಿನ ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿತು. ಅದನ್ನು ಸುತ್ತಲು ರಾಟೆ ಬೇಕಲ್ಲ? ನಮ್ಮ ಪಕ್ಕದ ಮನೆಯ ನೇಕಾರ ಸೋಮಪ್ಪಕಾಕಾ ನೂಲು ಸುತ್ತುವ ದೊಡ್ಡ ಕಟ್ಟಿಗೆಯ ಉರುಳೆಯೊಂದನ್ನು ಕೊಟ್ಟ. ಅದಕ್ಕೆ ಮೊಳೆ ತೂರಿಸಿ ಕೋಲಿನ ಬುಡಕ್ಕೆ ಜಡಿದು, ಬದಿಗೆ ಹಿಡಿಕೆ ಕೂರಿಸಿದೆವು. ತಿರುಗಿಸಿದರೆ ಕಿರ್ರೋ ಎಂದು ಓಣಿಯೆಲ್ಲ ಕೇಳುವಂತೆ ಒದರುತ್ತಿತ್ತು. "ಎಣ್ಣಿ ಬಿಡಬ್ಯಾಡ, ಮೀನು ಬಿದ್ದದ್ದು ಗೊತ್ತಾಗಬೇಕು" ಎಂದ ಸೋಮಪ್ಪಕಾಕಾ.

ಕೊನೆಗೆ ಟೋಪಿ. ಬಿಸಿಲಿಗೆ ಟೋಪಿ ಬೇಕೆಂದು ಪಾಟೀಲರು ಹೇಳಿದ್ದರು. ನಾಟಕದ ಸಾಮಾನು ಬಾಡಿಗೆಗೆ ಕೊಡುವ ಗೆಳೆಯನಿಂದ ಇಂಗ್ಲಿಷ್ ದೊರೆಯ ಪಾತ್ರದವರು ಹಾಕುವ ದುಂಡನೆಯ ಬಿಳಿ ಹ್ಯಾಟು ತಂದೆ. ಒಳಗಡೆ ಇನ್ನೂ ಬಣ್ಣದ ವಾಸನೆ ಬರುತ್ತಿತ್ತು.

ಸರೋಜಾ ಹಬ್ಬಕ್ಕೆಂದು ಮುಂಚೆಯೇ ತವರಿಗೆ ಹೋಗಿದ್ದಳು. ನಾನು ಬಸ್ಸಿನ ಮೇಲೆ ಕೋಲು ಕಟ್ಟಿಸಿ, ಹ್ಯಾಟು ತೊಡೆಯ ಮೇಲಿಟ್ಟುಕೊಂಡು ಡಂಬಳದಲ್ಲಿ ಇಳಿದೆ. ಮಾವನವರು ಬಾಗಿಲಲ್ಲಿ ನಿಂತಿದ್ದರು. ಹೊಲಮನೆ ನೋಡಿಕೊಂಡಿದ್ದ, ಮಿತಭಾಷಿಯಾದ ಎತ್ತರದ ಮನುಷ್ಯ. ಕೋಲನ್ನು ಬುಡದಿಂದ ತುದಿಯವರೆಗೆ ನೋಡಿದರು. "ಬರ್ರಿ ಅಳಿಯಾರ" ಎಂದರು. ಅಷ್ಟೇ.

ಎಣ್ಣೆ ಸ್ನಾನ, ಆರತಿ, ಹೊಸ ಬಟ್ಟೆ ಎಲ್ಲ ಮುಗಿದ ಮರುದಿನ ಬೆಳಿಗ್ಗೆ ಬಸು ನನ್ನನ್ನು ಕೆರೆಗೆ ಕರೆದೊಯ್ದ. ಆ ನೀರನ್ನು ನೀವು ನೋಡಬೇಕಿತ್ತು! ಏರಿಯ ಮೇಲೆ ನಿಂತರೆ ಕಣ್ಣು ಹಾಯುವ ತನಕ ನೀರು, ಅಂಚಿಗೆ ಜೊಂಡು, ಮೇಲೆ ಬೆಳ್ಳಕ್ಕಿಗಳ ಹಿಂಡು, ದೂರದಲ್ಲಿ ಕಪ್ಪತಗುಡ್ಡದ ನೀಲಿ ಸಾಲು. ಬಸು ಹೊಳೆದಂಡೆಯ ಊರಿಂದ ಬಂಡಿಯಲ್ಲಿ ಹೇರಿಸಿ ತಂದಿದ್ದ ಹರಗೋಲು ನೀರಿನಲ್ಲಿತ್ತು. ಬಿದಿರು ಹೆಣೆದು ಮೇಲೆ ಟಾರು ಬಳಿದ ದೊಡ್ಡ ಬುಟ್ಟಿ ಅದು. ನಮ್ಮ ಡಾಕ್ಟರರ ದೋಣಿಗೆ ಮುಂದು ಹಿಂದು ಎಂಬುದಿದೆ. ಹರಗೋಲಿಗೆ ಅದೇನೂ ಇಲ್ಲ. ಯಾವ ಕಡೆ ಮುಖ ಮಾಡಿ ಕೂತರೂ ಬೇರೆ ಕಡೆಗೆ ಹೋಗುತ್ತದೆ.

ಅಂದು ನಡೆದದ್ದನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ನಾನು ಎದ್ದು ನಿಂತು ದಾರ ಬೀಸಿದೆ. ಹರಗೋಲು ಗಿರ್ರನೆ ತಿರುಗಿತು. ಗಾಳ ನನ್ನದೇ ಹ್ಯಾಟಿಗೆ ಸಿಕ್ಕಿ ಹ್ಯಾಟು ನೀರಿಗೆ ಹಾರಿತು. ಅದನ್ನೇ ಎಳೆದುಕೊಂಡೆವು. ಮತ್ತೆ ಬೀಸಿದಾಗ ಬಸುವಿನ ಅಂಗಿ. ಮತ್ತೆ ಬೀಸಿದಾಗ ಜೊಂಡು. ಇಂಗಿನ ಹಿಟ್ಟನ್ನು ಸಣ್ಣ ಮೀನುಗಳು ಚೂರು ಚೂರಾಗಿ ತಿಂದು ಮುಗಿಸಿದವು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಲ್ಲಿನ ಮೇಲೆ ಬಟ್ಟೆ ಬಿಟ್ಟು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಬಾಗಿಲ ಮರೆಯಿಂದ, "ಏನಾತ್ರಿ?" ಎಂದು ಕೇಳಿದರು. "ಟೋಪಿ ಬಿತ್ತಬೇ" ಎಂದ ಬಸು. ಅಡುಗೆಮನೆಯಲ್ಲಿ ಯಾರೋ ಕಿಸಕ್ಕೆಂದರು. ಅದು ಸರೋಜಾಳ ನಗು ಎಂದು ನನಗೆ ಗೊತ್ತಾಗಲಿಲ್ಲ, ಏಕೆಂದರೆ ಅದನ್ನು ನಾನು ಅದಕ್ಕೂ ಮುಂಚೆ ಕೇಳಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಮಾವನವರು ಬಸುವಿಗೆ, "ನೀ ಮುಂಡರಗಿಗೆ ಹೋಗಿ ಎತ್ತಿನ ಹಗ್ಗ ತಗೊಂಬಾ" ಎಂದರು.

"ಅಪ್ಪಾ, ಇವತ್ತ ಮಾಮಾರ ಕೂಡ ಕೆರಿಗೆ..."

"ಹಗ್ಗ ತಗೊಂಬಾ ಅಂದೆ." ಆಮೇಲೆ ನನ್ನ ಕಡೆ ನೋಡದೆ, ಕಪ್ಪಿನಿಂದ ಬಸಿಗೆ ಚಹಾ ಸುರಿಯುತ್ತ, "ಸರೋಜಾ ಬರತಾಳ ನಿಮ್ಮ ಕೂಡ. ಅಕಿಗೆ ಹುಟ್ಟು ಹಾಕಾಕ ಬರತೈತಿ" ಎಂದರು.

ಬಾಗಿಲ ಮರೆಯಲ್ಲಿ ಅತ್ತೆ ಹೌಹಾರಿದರು. "ಏನಂತೀರಿ! ಮಂದಿ ಏನಂದಾರು? ಹೊಸದಾಗಿ ಲಗ್ನಾದ ಹುಡುಗಿ, ಗಂಡನ ಕೂಡ ಬುಟ್ಯಾಗ ಕುಂತು..."

"ಗಂಡನ ಕೂಡನ ಹೊಂಟಾಳಲ್ಲ" ಎಂದರು ಮಾವ, ಮತ್ತು ಚಹಾ ಕುಡಿದರು.

ಹೀಗೆ ನಾವಿಬ್ಬರೂ ಕೆರೆಗೆ ಹೊರಟೆವು. ನಾನು ಮುಂದೆ, ಕೋಲು ಹೆಗಲ ಮೇಲೆ. ಆಕೆ ಹಿಂದೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಅಲ್ಯುಮಿನಿಯಂ ಊಟದ ಡಬ್ಬಿ. ಏರಿಯ ತನಕ ಒಂದು ಮಾತಿಲ್ಲ. ನೀರಿನ ಅಂಚಿಗೆ ಬಂದಾಗ ಆಕೆ ಸೆರಗನ್ನು ಸೊಂಟಕ್ಕೆ ಬಿಗಿದು ಸಿಗಿಸಿ, ಹರಗೋಲಿಗೆ ಹಾರಿ ಮೊಣಕಾಲೂರಿ ಕೂತು, ಹುಟ್ಟು ಕೈಗೆತ್ತಿಕೊಂಡಳು. ನಿನ್ನೆ ನನ್ನನ್ನೂ ಬಸುವನ್ನೂ ಬುಗುರಿ ಮಾಡಿದ್ದ ಆ ಹರಗೋಲು ಈಗ ಹಾಲಿನ ಮೇಲೆ ಕೆನೆ ಜಾರಿದಂತೆ ಸೀದಾ ಹೊರಟಿತು. ನಾನು ಬಾಯಿ ತೆರೆದು ನೋಡುತ್ತ ಕೂತೆ.

ಜೊಂಡಿನ ಹತ್ತಿರ ನಿಲ್ಲಿಸಿ ಆಕೆ ನನ್ನ ಚೀಲದ ಕಡೆ ಕೈ ಚಾಚಿದಳು. "ಸಾಮಾನ ಕೊಡ್ರಿಲ್ಲೆ" ಎಂದಳು. ಗಾಳಗಳನ್ನು ಅಂಗೈಯಲ್ಲಿ ಹರಡಿ ನೋಡಿದಳು. ದೊಡ್ಡದನ್ನು ಎತ್ತಿ ಹಿಡಿದು, "ಇದಕ್ಕ ಕ್ವಾಣ ಬೀಳತೈತಿ" ಎಂದಳು. ಹೆಬ್ಬೆರಳಿನಷ್ಟಿದ್ದದ್ದನ್ನು ಉಗುರಿನ ಮೇಲೆ ಒತ್ತಿ ಹರಿತ ನೋಡಿ, "ಇದು ಚಲೋ ಐತಿ" ಎಂದು ದಾರಕ್ಕೆ ಗಂಟು ಹಾಕಿದಳು. ಗಂಟಿಗೆ ಹಲ್ಲಿನಿಂದ ಬಿಗಿ ಕೊಟ್ಟಳು. ಹಿಟ್ಟಿನ ಉಂಡೆಯನ್ನು ಮೂಸಿ ನೋಡಿ ಮುಖ ಹಿಂಡಿದಳು.

"ಇಂಗು ಹಾಕೀರಿ?"

"ನಮ್ಮ ಹೆಡ್ ಕ್ಲಾರ್ಕು ಹೇಳಿದ್ರು."

"ಮೀನಿಗೇನು ಹೊಟ್ಟಿ ಉಬ್ಬರ ಆಗೇತೇನ್ರಿ?"

ಎಂದು ಹೇಳಿ ಉಂಡೆಯನ್ನು ನೀರಿಗೆ ಎಸೆದು, ತನ್ನ ಡಬ್ಬಿಯ ಮುಚ್ಚಳ ತೆಗೆದಳು. ರೊಟ್ಟಿ ಇರುತ್ತದೆಂದು ನಾನು ತಿಳಿದಿದ್ದೆ. ಒಳಗೆ ಒದ್ದೆ ಬಟ್ಟೆಯ ಮೇಲೆ ಸಣ್ಣ ಸಣ್ಣ ಕಪ್ಪೆಗಳು ಕಣ್ಣು ಪಿಳಿಪಿಳಿ ಮಾಡುತ್ತ ಕೂತಿದ್ದವು. ಹಸಿರು ಬಳೆಗಳ ಕೈಯಲ್ಲಿ ಒಂದು ಕಪ್ಪೆಯನ್ನು ಹಿಡಿದು ಆಕೆ ಗಾಳಕ್ಕೆ ಸಿಗಿಸಿದಳು. "ಕುಚ್ಚು ಮೀನು ಜೊಂಡಿನ ಬುಡಕ ಹೊಂಚ ಹಾಕಿರತೈತಿ. ಮ್ಯಾಲ ಕಪ್ಪಿ ಜಿಗಿದಂಗ ಆಡಿಸ್ರಿ. ಬೀಸಬ್ಯಾಡ್ರಿ, ಸುಮ್ಮ ಇಳೀಬಿಡ್ರಿ."

"ನಿನಗ ಇದೆಲ್ಲಾ ಯಾರ ಕಲಿಸಿದ್ರು?" ಎಂದೆ. ಆಕೆಯ ಬಗ್ಗೆ ನಾನು ಆಕೆಯನ್ನು ಕೇಳಿದ ಮೊದಲ ಮಾತು ಅದೇ ಇರಬೇಕು.

"ಅಪ್ಪ. ನಾ ದೊಡ್ಡಾಕಿ ಆಗೂ ತನಕ ಕರಕೊಂಡ ಬರತಿದ್ದ. ಆಮ್ಯಾಲ ಅವ್ವ ಬಿಡಲಿಲ್ಲ." ನೀರಿನಲ್ಲಿ ಬೆರಳಾಡಿಸಿದಳು. ಆಮೇಲೆ ಹೇಳಿದಳು: "ಇವತ್ತೂ ಅಪ್ಪನ ಕಳಿಸ್ಯಾನ. ಎತ್ತಿನ ಹಗ್ಗ ಮನ್ಯಾಗ ಹೊಸಾವು ಅದಾವು. ಬಸೂನ ಬೇಕಂತನ ಊರ ಬಿಡಿಸ್ಯಾನ."

"ಯಾಕ?"

"ನೀವಿಬ್ಬರು ಕುಂತು ಮಾತಾಡ್ರಿ ಅಂತ."

ನಾನು ಕೋಲಿನ ತುದಿ ನೋಡಿದೆ. ಕಪ್ಪೆ ಎರಡು ಸಲ ಜಿಗಿಯಿತು.

"ನಾ ಹಬ್ಬ ಮುಗಿದ ಮ್ಯಾಲ ಬರಂಗಿಲ್ಲಂತ ಅವ್ವಗ ಹೇಳೇನ್ರಿ" ಎಂದಳು ಸರೋಜಾ.

"ಎಲ್ಲಿಗೆ?"

"ಬೆಟಗೇರಿಗೆ. ನಿಮ್ಮ ಮನಿಗೆ."

ಆಕೆ ಅಳುತ್ತಿರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ. ಬಹಳ ದಿನ ಯೋಚಿಸಿದ್ದನ್ನು ಹೇಳುವವರ ಹಾಗೆ ನಿಧಾನವಾಗಿ ಹೇಳುತ್ತಿದ್ದಳು.

"ನಿಮ್ಮ ಮನ್ಯಾಗ ಎಲ್ಲಾರೂ ಚಲೋ ಅದಾರ್ರಿ. ಅತ್ತಿ ಚಲೋ, ಅಕ್ಕಾರು ಚಲೋ. ಯಾರೂ ನನಗ ಏನೂ ಅಂದಿಲ್ಲ. ಆದ್ರ ನೀವೂ ಏನೂ ಅಂದಿಲ್ಲ. ಲಗ್ನ ಆದಾಗಿಂದ ನೀವು ನನ್ನ ಕೂಡ ಮಾತಾಡಿದ್ದು ಏನು? ಟಾವೆಲ್ ಎಲ್ಲೈತಿ, ದೀಪಾ ಸಣ್ಣ ಮಾಡು. ಇಷ್ಟ. ನಾ ನಿಮ್ಮ ಮನಸಿಗೆ ಬಂದಿಲ್ಲ ಅಂತ ತಿಳಕೊಂಡೆ. ಬರದ ಇದ್ರ ಬರಲಿಲ್ಲ ಅಂತರ ಹೇಳ್ರಿ. ಸುಮ್ಮ ಕುಂಡ್ರಬ್ಯಾಡ್ರಿ."

"ಅಲ್ಲ, ಅಜ್ಜಿ ಕೇಳತಾಳಂತ..." ಎಂದು ತಡವರಿಸಿದೆ.

"ಇಲ್ಲಿ ಯಾವ ಅಜ್ಜಿ ಅದಾಳ್ರಿ?"

ಇರಲಿಲ್ಲ. ಸುತ್ತ ನೀರು, ಮೇಲೆ ಆಕಾಶ, ಎದುರಿಗೆ ಆಕೆ. ಇನ್ನು ನೆಪವಿಲ್ಲ. ಹೇಳಬೇಕಾದದ್ದನ್ನು ಹೇಳಲೆಂದು ಬಾಯಿ ತೆರೆದೆ. ಆ ಹೊತ್ತಿಗೇ ಜೊಂಡಿನ ಬುಡದಲ್ಲಿ ಗುಳುಂ ಎಂದಿತು. ಕಪ್ಪೆ ಇದ್ದ ಜಾಗದಲ್ಲಿ ಒಂದು ಸುಳಿ ಮಾತ್ರ ಉಳಿಯಿತು.

ಕಿರ್ರೋ!

ಸೋಮಪ್ಪಕಾಕಾನ ಉರುಳೆ ಹುಚ್ಚು ಹಿಡಿದಂತೆ ತಿರುಗತೊಡಗಿತು. ಹಿಡಿಕೆ ನನ್ನ ಗೆಣ್ಣಿಗೆ ಟಪಟಪ ಬಡಿಯಿತು. ನೋವಿಗೆ ಕೈ ಬಿಟ್ಟೆ. ಕೋಲು ಹರಗೋಲಿನ ಅಂಚು ದಾಟಿ ಜಾರಿ ಹೊರಟಿತು. ಸರೋಜಾ ಹುಟ್ಟು ಬಿಸಾಡಿ ಹಾರಿ ಅದರ ಬುಡ ಹಿಡಿದಳು. ನಾನೂ ಹಿಡಿದೆ. ಕೋಲು ಬಾಗಿ ಬಾಗಿ ತುದಿ ನೀರೊಳಗೆ ಹೋಯಿತು. ಹರಗೋಲು ಒಂದು ಸುತ್ತು ತಿರುಗಿ ಮೀನಿನ ಹಿಂದೆಯೇ ಹೊರಟುಬಿಟ್ಟಿತು! ನಾವು ಮೀನು ಹಿಡಿದಿದ್ದೆವೋ ಅದು ನಮ್ಮನ್ನು ಹಿಡಿದಿತ್ತೋ ಹೇಳುವುದು ಕಷ್ಟವಿತ್ತು.

"ಬಿಡಬ್ಯಾಡ್ರಿ! ಬಿಡಬ್ಯಾಡ್ರಿ!" ಎಂದು ಆಕೆ ಕಿರುಚಿದಳು. ಮೀನು ಮತ್ತೊಮ್ಮೆ ಎಳೆದಾಗ 'ರಿ' ಹಾರಿಹೋಯಿತು. "ದಾರ ಬಿಡು! ಸಡಲ ಬಿಡು! ಅಯ್ಯ, ಈಗ ಬಿಡಬ್ಯಾಡ, ಸುತ್ತು! ಸುತ್ತಲೇ ಹುಚ್ಚಾ, ಜೊಂಡಿನ್ಯಾಗ ಹೊಕ್ಕತೈತಿ!"

ಹೆಂಡತಿಯ ಬಾಯಿಂದ ಗಂಡನಿಗೆ 'ಲೇ ಹುಚ್ಚಾ'! ನಮ್ಮ ಮನೆಯಲ್ಲಾಗಿದ್ದರೆ ಗೋಡೆ ಬೀಳುತ್ತಿತ್ತು. ನನಗೋ, ನಿಜ ಹೇಳುತ್ತೇನೆ, ಅಷ್ಟು ಸುಖವೆನಿಸಿದ್ದು ಅದೇ ಮೊದಲು. ಉರುಳೆ ಸುತ್ತುತ್ತ, ಏದುಸಿರು ಬಿಡುತ್ತ, ಅದರ ಕಿರಿಚಾಟದ ಮೇಲೆ ಕೇಳಲೆಂದು ಗಂಟಲು ಹರಿಯುವಂತೆ ಕೂಗಿದೆ:

"ನೀ ನನಗ ಭಾಳ ಮನಸಿಗೆ ಬಂದೀ! ನೋಡಿದ ದಿವಸನ ಬಂದೀ!"

"ಅದನ್ನ ಆಮ್ಯಾಲ ಹೇಳ್ರಿ! ಮೊದಲ ಕೋಲ ಎತ್ರಿ!"

ಎತ್ತಿದೆ. ಎತ್ತುವ ಭರದಲ್ಲಿ ಎದ್ದು ನಿಂತೆ. ಹರಗೋಲಿನಲ್ಲಿ ಎದ್ದು ನಿಲ್ಲಬಾರದೆಂದು ನಿನ್ನೆಯೇ ಕಲಿಯಬೇಕಿತ್ತು. ಮುಂದಿನ ಕ್ಷಣ ನಾನು ನೀರಿನಲ್ಲಿದ್ದೆ. ನನಗೆ ಈಜು ಬರುತ್ತಿರಲಿಲ್ಲ. ಮೂಗಿಗೆ ಬಾಯಿಗೆ ಕೆರೆ ನುಗ್ಗಿತು. ಮುಗಿಯಿತು ಎಂದುಕೊಂಡು ಕಾಲು ಬಡಿದರೆ ಕೆಸರು ಸಿಕ್ಕಿತು. ಎದ್ದು ನಿಂತೆ. ನೀರು ಎದೆಯ ತನಕ ಇತ್ತು. ಕೋಲು ಮಾತ್ರ ಕೈಯಲ್ಲೇ ಇತ್ತು, ಬಿಟ್ಟಿರಲಿಲ್ಲ.

"ಹಾಂ, ಹಂಗ ನಿಲ್ರಿ! ಅಲ್ಲೇ ನಿಂತು ಸುತ್ರಿ! ಅಲ್ಲಿ ನಿಂತ್ರ ಹರಗೋಲಿನಂಗ ಗಿರ್ರಂತ ತಿರುಗಂಗಿಲ್ಲ" ಎಂದು ಆಕೆ ಹರಗೋಲಿನಿಂದ ಹುರಿದುಂಬಿಸಿದಳು. ನಿಂತು ಸುತ್ತಿದೆ. ದಾರ ಬೆರಳು ಕೊಯ್ಯಿತು. ಒಮ್ಮೆ ಅದು ನೀರಿನಿಂದ ಮೇಲೆ ಬಂದು ತಲೆ ಕೊಡವಿತು. ಹಾವಿನಂಥ ತಲೆ, ತೊಡೆಯಷ್ಟು ದಪ್ಪದ ಕಪ್ಪು ಮೈ! ಕೊನೆಗೆ ದಣಿದು ಹೊಟ್ಟೆ ತೋರಿಸಿ ಹತ್ತಿರ ಬಂದಾಗ, ಸರೋಜಾ ಹರಗೋಲಿನ ಅಂಚಿನಿಂದ ಬಾಗಿ, ಸೆರಗನ್ನು ಕೈಗೆ ಸುತ್ತಿಕೊಂಡು, ಕಿವಿರು ಹಿಡಿದು ಒಂದೇ ಎಳೆತಕ್ಕೆ ಮೀನನ್ನು ಒಳಗೆ ಹಾಕಿ ಅದರ ಮೇಲೆ ಮೊಣಕಾಲೂರಿ ಕೂತುಬಿಟ್ಟಳು. ಕುಂಕುಮ ಹಣೆಯೆಲ್ಲ ಹರಡಿತ್ತು, ಕೂದಲು ಬಿಚ್ಚಿತ್ತು. ನನ್ನನ್ನು ನೋಡಿ ನಕ್ಕಳು. ನಾನೂ ನಕ್ಕೆ. ನಗುವ ಭರಕ್ಕೆ ಕಾಲು ಜಾರಿ ಕೆರೆಯ ನೀರು ಮತ್ತೊಮ್ಮೆ ಮೂಗಿಗೆ ಹೋಯಿತು.

ಆಮೇಲೆ ಏರಿಯ ಕಡೆ ನೋಡಿದೆವು. ಬಟ್ಟೆ ಒಗೆಯುವ ಹೆಂಗಸರು ಒಬ್ಬರೂ ಕೂತಿರಲಿಲ್ಲ. ಎಲ್ಲರೂ ಸಾಲಾಗಿ ನಿಂತಿದ್ದರು. ನಿಂತ ನೀರಿನ ಮೇಲೆ ಮಾತು ಎಷ್ಟು ದೂರ ಹೋಗುತ್ತದೆಂದು ಬೆಟಗೇರಿಯಲ್ಲಿ ಹುಟ್ಟಿದ ನನಗೆ ಯಾರೂ ಹೇಳಿರಲಿಲ್ಲ.

ದಂಡೆಗೆ ಬರುತ್ತಿದ್ದಂತೆ ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟು, "ಏನವಾ ಸರೋಜಾ, ನೋಡಿದ ದಿವಸನ ಮನಸಿಗೆ ಬಂದೀಯಂತ! ಡಂಬಳಕ್ಕೆಲ್ಲಾ ಗೊತ್ತಾತು!" ಎಂದಳು. ಎಲ್ಲರೂ ಹೋ ಎಂದು ನಕ್ಕರು. ಸರೋಜಾ ಸೆರಗು ಮುಖಕ್ಕೆ ಎಳೆದುಕೊಳ್ಳಹೋಗಿ, ಅದರಲ್ಲಿ ಮೀನಿನ ಲೋಳೆಯಿದ್ದದ್ದು ನೆನಪಾಗಿ ಹಾಗೇ ನಿಂತಳು.

ಹೆಂಗಸರ ಹಿಂದೆ ಮಾವನವರು ನಿಂತಿದ್ದರು. ಯಾವಾಗ ಬಂದಿದ್ದರೋ, ಏನೇನು ಕೇಳಿಸಿಕೊಂಡಿದ್ದರೋ. ತೊಟ್ಟಿಕ್ಕುತ್ತಿದ್ದ ನನ್ನ ಕಡೆ, ಮಗಳ ಕಡೆ, ಮೀನಿನ ಕಡೆ ನೋಡಿದರು. ಬಗ್ಗಿ ಮೀನಿನ ಬಾಯಿಂದ ಗಾಳ ಬಿಡಿಸಿ ಬಿಸಿಲಿಗೆ ಹಿಡಿದರು. "ಗಾಳ ಚಲೋ ಮಾಡಿಸೀರಿ ಅಳಿಯಾರ" ಎಂದರು. ಅವರ ಮೀಸೆ ಅದುರುತ್ತಿತ್ತು.

ಮೀನನ್ನು ಹಿತ್ತಲಿನ ಒಲೆಯ ಮೇಲೆ ಅತ್ತೆಯೇ ಮಾಡಿದರು. ಹುಣಸೆಹುಳಿ, ಬೆಳ್ಳುಳ್ಳಿ, ಕೆಂಪು ಖಾರ ಬಿದ್ದ ಆ ಸಾರಿಗೆ ಬಿಸಿ ರೊಟ್ಟಿ ಮುರಿದು ಹಾಕಿ, ಓಣಿಯವರೆಲ್ಲ ಉಂಡರು. ಮುಂಡರಗಿಯಿಂದ ಬೇಡದ ಹಗ್ಗ ಹೊತ್ತು ಬಂದ ಬಸು ಮಾತ್ರ ಮುಖ ಊದಿಸಿಕೊಂಡಿದ್ದ. "ನಾ ಇಲ್ಲದಾಗನ ಬೀಳಬೇಕಾಗಿತ್ತೇನ್ರಿ ಇದು?" ಎಂದು ತುಂಡಿನ ಮೇಲೆ ತುಂಡು ಹಾಕಿಸಿಕೊಂಡು ಸೇಡು ತೀರಿಸಿಕೊಂಡ.

ಆದರೆ ನನಗೆ ಊಟ ಸೇರಲಿಲ್ಲ. ನಾನು ಹೇಳಬೇಕಾದ್ದನ್ನು ಹೇಳಿದ್ದೆ, ಅದೂ ಊರಿಗೆಲ್ಲ ಕೇಳುವಂತೆ. ಆಕೆ ಹೇಳಬೇಕಾದ್ದು ಉಳಿದಿತ್ತು. ದಿನವಿಡೀ ಆಕೆ ಹೆಂಗಸರ ಗುಂಪಿನಿಂದ ಹೊರಗೆ ಬರಲೇ ಇಲ್ಲ. ಒಮ್ಮೆ ರೊಟ್ಟಿ ನೀಡಲು ಬಂದಾಗ ಮುಖ ನೋಡಿದೆ. ತಗ್ಗಿಸಿಕೊಂಡಿದ್ದಳು. ಬರುತ್ತಾಳೋ ಇಲ್ಲವೋ? ಮಾ​ವನವರನ್ನು ಕೇಳುವುದು ಹೇಗೆ? ಬಸುವನ್ನು ಕೇಳಿದರೆ ನಾಳೆ ಊರಿಗೆಲ್ಲ ಹೊಸ ನಗೆ.

ಮರುದಿನ ಕಚೇರಿಗೆ ಹಾಜರಾಗಬೇಕಿತ್ತು. ಬೆಳಗಿನ ಬಸ್ಸಿಗೆ ನಾನು ಹೊರಟು ನಿಂತಾಗ ಸರೋಜಾ ಕಾಣಲಿಲ್ಲ. ಮಾವನವರು, "ನಡೀರಿ, ಬಸ್ ಬರತೈತಿ" ಎಂದು ನನ್ನ ಚೀಲ ತಾವೇ ಎತ್ತಿಕೊಂಡರು. ಬಸ್ ನಿಲ್ಲುವಲ್ಲಿ ಇಬ್ಬರೂ ನಿಂತೆವು. ಮುಂಡರಗಿಯ ಕಡೆಯಿಂದ ಧೂಳು ಎದ್ದಿತು. ಬಸ್ಸು ಬಂದು ನಿಂತಿತು. ನಾನು ಮೆಟ್ಟಿಲ ಮೇಲೆ ಕಾಲಿಡುವುದಕ್ಕೂ, "ಏ, ತಡೀರಿ, ತಡೀರಿ!" ಎಂದು ಬಸು ಓಡಿ ಬರುವುದಕ್ಕೂ ಸರಿಹೋಯಿತು. ಅವನ ತಲೆಯ ಮೇಲೆ ಸರೋಜಾಳ ಹಸಿರು ಟ್ರಂಕು! ಅವನ ಹಿಂದೆ ಅತ್ತೆ, ಮಡಿಲು ತುಂಬಿದ ಅಕ್ಕಿ ಚೆಲ್ಲದಂತೆ ಸೆರಗು ಹಿಡಿದು ಬರುತ್ತಿದ್ದ ಸರೋಜಾ. ಆಕೆ ಕಾಣದಿದ್ದದ್ದು ಅದಕ್ಕೇ, ಒಳಗೆ ಮಡಿಲು ತುಂಬುತ್ತಿದ್ದರು. ನಾನು ಟ್ರಂಕನ್ನು ಬಸುವಿನ ತಲೆಯಿಂದ ಎಳೆದುಕೊಂಡ ರಭಸಕ್ಕೆ ಅವನು ಮುಗ್ಗರಿಸಿದ.

ನಮ್ಮ ಕಡೆಯ ಬಸ್ಸಿನಲ್ಲಿ ಹೆಂಗಸರು ಮುಂದೆ ಕೂರುವುದು, ಗಂಡಸರು ಹಿಂದೆ ಕೂರುವುದು ವಾಡಿಕೆ. ನಾನು ಹಿಂದೆ ಹೋಗಿ ಕೂತೆ. ಸರೋಜಾ ಮುಂದೆ ಹೋಗಲಿಲ್ಲ. ನನ್ನ ಪಕ್ಕದಲ್ಲೇ ಬಂದು ಕೂತು ಸೆರಗು ಸರಿಪಡಿಸಿಕೊಂಡಳು. ಕಂಡಕ್ಟರ್ ಬಂದು ಮರ್ಯಾದೆಯಿಂದಲೇ, "ಅಕ್ಕಾರ, ಮುಂದ ಹೆಣ್ಮಕ್ಕಳ ಸೀಟು ಖಾಲಿ ಐತ್ರಿ" ಎಂದ.

"ಇರಲಿ ಬಿಡ್ರಿ," ಎಂದಳು ಸರೋಜಾ, "ಇವರ ಕೂಡ ಮಾತಾಡೂದು ಭಾಳ ಐತಿ."

ಬಸ್ಸು ಹೊರಟಿತು. ಗದಗ ಬರುವ ತನಕ ನಾನು ಬಾಯಿ ತೆರೆಯಲಿಲ್ಲ. ತೆರೆಯಲು ಆಕೆ ಸಂದು ಕೊಟ್ಟರೆ ತಾನೇ!